ಒಂದೇ ಲೈನಿನಲ್ಲಿ ಫ್ಯಾಕ್ಸ್ ಮತ್ತು ಮನೆಯ ಎಲ್ಲ ಫೋನುಗಳು: ಯಾವುದನ್ನು ಎಲ್ಲಿ ಸೇರಿಸಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿರುವುದು ಒಂದೇ ಟೆಲಿಫೋನ್ ಲೈನು. ಕೆಳಗಿನ ಕೋಣೆಯಲ್ಲಿ ಫ್ಯಾಕ್ಸ್ ಯಂತ್ರ ಇದೆ. ಹಾಲ್‌ನಲ್ಲಿ ಕಾರ್ಡ್‌ಲೆಸ್ ಫೋನು, ಮಹಡಿಯ ಮೇಲೆ ಒಂದು ಹಳೆಯ ಫೋನು, ಜೊತೆಗೆ ಒಂದು ಆನ್ಸರಿಂಗ್ ಮಷೀನ್. ಮಹಡಿಯಲ್ಲಿ ಫೋನ್ ಎತ್ತಿದರೆ ಕೆಲವು ಸಲ ಬರೀ 'ಪೀಂ, ಪೀಂ' ಅಂತ ಕೇಳುತ್ತದೆ. ಕೆಳಗೆ ಓಡಿ ಬಂದು ಯಂತ್ರದ ಬಟನ್ ಒತ್ತುವಷ್ಟರಲ್ಲಿ ಲೈನ್ ಕಟ್ ಆಗಿರುತ್ತದೆ. ಫ್ಯಾಕ್ಸ್ ಬರುತ್ತಿರುವಾಗ ಯಾರಾದರೂ ಗೊತ್ತಿಲ್ಲದೆ ಫೋನ್ ಎತ್ತಿದರೆ ಕಾಗದ ಅರ್ಧಕ್ಕೆ ನಿಂತುಬಿಡುತ್ತದೆ. ಇನ್ನು ಕೆಲವು ಸಲ ಎರಡು ರಿಂಗ್ ಆಗಿ ಎಲ್ಲ ಫೋನೂ ಸುಮ್ಮನಾಗುತ್ತವೆ, ಮಾತಾಡಲು ಕರೆದವರು ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ. ಇನ್ನೊಂದು ಲೈನು ತೆಗೆದುಕೊಳ್ಳದೆ ಇದನ್ನು ಸರಿಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಹೊಸ ಲೈನು ಬೇಡ, ಹೊಸ ಯಂತ್ರವೂ ಬೇಡ. ಎರಡು ರಿಂಗ್ ಆಗಿ ಸುಮ್ಮನಾಗುವುದಕ್ಕೆ ಕಾರಣ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಉಳಿದ ತೊಂದರೆಗಳ ಮುಖ್ಯ ಬೇರು ಒಂದೇ ಕಡೆ ಇದೆ. ನಿಮ್ಮ ಫೋನುಗಳು ಫ್ಯಾಕ್ಸ್ ಯಂತ್ರಕ್ಕೆ ಪ್ಯಾರಲಲ್ ಆಗಿವೆ, ಯಂತ್ರದ ಮೂಲಕ ಹೋಗುತ್ತಿಲ್ಲ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಉಳಿದದ್ದನ್ನು ನೀವೇ ಮಾಡಿಕೊಳ್ಳುತ್ತೀರಿ. ಅದಕ್ಕೇ ಮೊದಲು ಅದನ್ನೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀರಿನ ಪೈಪನ್ನು ನೆನಪಿಸಿಕೊಳ್ಳಿ. ಮುಖ್ಯ ಪೈಪಿನಿಂದ ಮೂರು ಕಡೆ ನಲ್ಲಿ ತೆಗೆದರೆ ಯಾವ ನಲ್ಲಿಗೂ ಇನ್ನೊಂದರ ಮೇಲೆ ಹಿಡಿತ ಇರುವುದಿಲ್ಲ. ಯಾರು ಯಾವುದನ್ನು ತಿರುಗಿಸಿದರೂ ಉಳಿದವರಿಗೆ ನೀರು ಕಡಿಮೆ. ಅದೇ ಪೈಪಿಗೆ ಮೊದಲು ಒಂದು ವಾಲ್ವ್ ಹಾಕಿ, ವಾಲ್ವ್ ಆದ ಮೇಲೆ ನಲ್ಲಿಗಳನ್ನು ಕೂರಿಸಿದರೆ? ವಾಲ್ವ್ ಮುಚ್ಚಿದಾಗ ನಲ್ಲಿ ತಿರುಗಿಸಿದರೂ ಏನೂ ಆಗುವುದಿಲ್ಲ. ಫ್ಯಾಕ್ಸ್ ಯಂತ್ರದ ಒಳಗೆ ನಿಜಕ್ಕೂ ಇಂಥ ಒಂದು ವಾಲ್ವ್ ಇದೆ. ಅದೊಂದು ಪುಟ್ಟ ರಿಲೇ. ಯಂತ್ರದ ಹಿಂಬದಿ ಅಥವಾ ಪಕ್ಕ ನೋಡಿ, ಒಂದೇ ಥರದ ಎರಡು ತೂತುಗಳಿರುತ್ತವೆ. ಒಂದಕ್ಕೆ 'ಲೈನ್' ಅಂತ ಬರೆದಿರುತ್ತದೆ. ಇನ್ನೊಂದಕ್ಕೆ 'ಎಕ್ಸ್‌ಟ್' ಅಥವಾ 'ಟೆಲ್' ಅಂತ ಇರುತ್ತದೆ, ಇಲ್ಲವೇ ಒಂದು ಫೋನಿನ ಚಿತ್ರ ಇರುತ್ತದೆ. ಗೋಡೆಯಿಂದ ಬಂದ ವೈರು ಲೈನ್ ತೂತಿಗೆ ಹೋಗಬೇಕು. ಎರಡನೇ ತೂತಿಗೆ ಸೇರಿಸಿದ ಫೋನು ರಿಲೇ ಆದ ಮೇಲೆ ಇರುವ ಫೋನು. ಫ್ಯಾಕ್ಸ್ ಬರಲು ಶುರುವಾದ ಕೂಡಲೇ ಯಂತ್ರ ಆ ಫೋನನ್ನು ಲೈನಿನಿಂದ ಬಿಡಿಸುತ್ತದೆ. ಆಗ ಯಾರು ಅದನ್ನು ಎತ್ತಿದರೂ ಕಾಗದಕ್ಕೆ ಏನೂ ಆಗುವುದಿಲ್ಲ.

ಹೊಸ ಯಂತ್ರಗಳಲ್ಲಿ ಈ ಎರಡನೇ ತೂತನ್ನು ಒಂದು ಪ್ಲಾಸ್ಟಿಕ್ ಮುಚ್ಚಳದಿಂದ ಮುಚ್ಚಿರುತ್ತಾರೆ. ಅದು ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಗೋಡೆಯ ಸಾಕೆಟ್‌ಗೆ ಎರಡು ಬಾಯಿಯ ಸ್ಪ್ಲಿಟರ್ ಹಾಕಿ, ಒಂದಕ್ಕೆ ಯಂತ್ರ, ಇನ್ನೊಂದಕ್ಕೆ ಫೋನು ಸಿಕ್ಕಿಸುತ್ತಾರೆ. ನೀವೂ ಹಾಗೇ ಮಾಡಿದ್ದೀರಿ ಅಂತ ಅನಿಸುತ್ತದೆ. ಸ್ಪ್ಲಿಟರ್ ತಪ್ಪಲ್ಲ. ಆದರೆ ಅದು ಫೋನನ್ನು ಪ್ಯಾರಲಲ್ ಮಾಡುತ್ತದೆ, ಆಗ ಯಂತ್ರದ ಹಿಡಿತ ಹೋಗುತ್ತದೆ.

ಪ್ಯಾರಲಲ್ ಫೋನ್ ಎತ್ತಿದರೆ ಕಾಗದ ಏಕೆ ನಿಲ್ಲುತ್ತದೆ? ಎಲ್ಲ ಫೋನೂ ಇಟ್ಟಿರುವಾಗ ಲೈನಿನಲ್ಲಿ ಸುಮಾರು 48 ವೋಲ್ಟ್ ಇರುತ್ತದೆ. ಒಂದು ಸಾಧನ ಎತ್ತಿದ ಕೂಡಲೇ ಅದು 10 ವೋಲ್ಟ್‌ನ ಆಸುಪಾಸಿಗೆ ಇಳಿಯುತ್ತದೆ. ಎರಡನೆಯದನ್ನೂ ಎತ್ತಿದರೆ ಕರೆಂಟು ಇಬ್ಬರಿಗೂ ಹಂಚಿಹೋಗುತ್ತದೆ, ಶಬ್ದ ಸಣ್ಣಗಾಗುತ್ತದೆ. ಇಬ್ಬರು ಮಾತಾಡುವಾಗ ಮೂರನೆಯವರು ಇನ್ನೊಂದು ಫೋನ್ ಎತ್ತಿದರೆ ದನಿ ತಗ್ಗುವುದು ನಿಮಗೂ ಗೊತ್ತಿರುತ್ತದೆ. ನಮ್ಮ ಕಿವಿ ಅದನ್ನು ಸಹಿಸಿಕೊಳ್ಳುತ್ತದೆ. ಫ್ಯಾಕ್ಸ್ ಸಹಿಸುವುದಿಲ್ಲ. ಅದು ಒಂದು ಸೆಕೆಂಡಿಗೆ 9,600 ಅಥವಾ 14,400 ಬಿಟ್ ಸಾಗಿಸುತ್ತಿರುತ್ತದೆ, ಸೂಪರ್ ಜಿ3 ಯಂತ್ರವಾದರೆ 33,600. ಆ ವೇಗದಲ್ಲಿ ಫೋನ್ ಎತ್ತಿದ 'ಟಕ್' ಶಬ್ದ ಒಂದೇ ಸಾಕು, ಒಂದಷ್ಟು ಸಾಲು ಹಾಳಾಗುತ್ತವೆ. ಯಂತ್ರದಲ್ಲಿ ತಪ್ಪು ತಿದ್ದುವ ಸೌಲಭ್ಯ ಆನ್ ಆಗಿದ್ದರೆ ಹಾಳಾದ ಭಾಗವನ್ನು ಮತ್ತೆ ಕೇಳಿ ಪಡೆಯುತ್ತದೆ. ಸೆಟ್ಟಿಂಗ್‌ನಲ್ಲಿ ಅದರ ಹೆಸರು ಇಸಿಎಂ. ಆಫ್ ಇದ್ದರೆ ದಯವಿಟ್ಟು ಆನ್ ಮಾಡಿ. ಆದರೂ ಫೋನನ್ನು ಎತ್ತಿಯೇ ಹಿಡಿದುಕೊಂಡಿದ್ದರೆ ಅದೂ ಕೈಚೆಲ್ಲುತ್ತದೆ.

ಹೀಗಾಗಿ ನನ್ನ ಮೊದಲ ಸಲಹೆ: ನಿಮ್ಮ ಕಾರ್ಡ್‌ಲೆಸ್ ಫೋನಿನ ಬೇಸನ್ನು ಗೋಡೆಯಿಂದ ಬಿಡಿಸಿ, ಫ್ಯಾಕ್ಸ್ ಯಂತ್ರದ ಎಕ್ಸ್‌ಟ್ ತೂತಿಗೆ ಸೇರಿಸಿ. ಮನೆಯಲ್ಲಿ ಹಲವು ಫೋನು ಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಏಕೆಂದರೆ ಲೈನಿಗೆ ಸೇರುವುದು ಬೇಸ್ ಮಾತ್ರ. ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್ಟುಗಳೆಲ್ಲ ರೇಡಿಯೊ ಮೂಲಕ ಬೇಸಿನ ಜೊತೆ ಮಾತಾಡುತ್ತವೆ. ಬೇಸ್ ಯಂತ್ರದ ಮೂಲಕ ಹೋದರೆ ಮನೆಯ ಯಾವ ಮೂಲೆಯಲ್ಲಿರುವ ಹ್ಯಾಂಡ್‌ಸೆಟ್ ಕೂಡ ಯಂತ್ರದ ಮೂಲಕವೇ ಹೋದ ಹಾಗೆ. ಹೆಚ್ಚಿನ ಕಾರ್ಡ್‌ಲೆಸ್‌ಗಳಿಗೆ ಇನ್ನೂ ಒಂದೆರಡು ಹ್ಯಾಂಡ್‌ಸೆಟ್ ಸೇರಿಸಿಕೊಳ್ಳಬಹುದು. ಹಾಲ್‌ಗೆ ಒಂದು, ಮಹಡಿಗೆ ಒಂದು ಇಟ್ಟರೆ ಮಹಡಿಗೆ ವೈರು ಎಳೆಯುವ ಕೆಲಸವೇ ಇಲ್ಲ. ಬೇಸನ್ನು ಮಾತ್ರ ಫ್ಯಾಕ್ಸ್ ಯಂತ್ರಕ್ಕೆ ಅಂಟಿಸಿ ಇಡಬೇಡಿ, ಒಂದೆರಡು ಅಡಿ ದೂರ ಇರಲಿ. ತೀರಾ ಹತ್ತಿರ ಇದ್ದರೆ ಮಾತಿನಲ್ಲಿ ಗುಂಯ್ ಅನ್ನುವ ಶಬ್ದ ಬರಬಹುದು.

'ಹಾಗಾದರೆ ಎಕ್ಸ್‌ಟ್ ತೂತಿನಿಂದಲೇ ಮನೆಯ ಎಲ್ಲ ವೈರಿನ ಫೋನುಗಳಿಗೂ ಲೈನ್ ಎಳೆಯಬಹುದಲ್ವಾ?' ಅಂತ ಕೆಲವರು ಕೇಳುತ್ತಾರೆ. ವೈರಿಂಗ್ ಲೆಕ್ಕದಲ್ಲಿ ಆಗುತ್ತದೆ. ಆದರೆ ಕೆಲವು ಯಂತ್ರಗಳ ಕೈಪಿಡಿಯಲ್ಲಿ ಆ ತೂತಿಗೆ ಒಂದೇ ಸಾಧನ ಅಂತ ಹೇಳಿರುತ್ತಾರೆ. ನಿಮ್ಮದರಲ್ಲಿ ಏನಿದೆ ನೋಡಿಕೊಂಡೇ ಮುಂದುವರಿಯಿರಿ. ಇನ್ನೊಂದು ವಿಷಯ: ಯಂತ್ರ ಕೆಟ್ಟು ರಿಪೇರಿಗೆ ಹೋದ ದಿನ ಮನೆಯ ಎಲ್ಲ ಫೋನೂ ಸತ್ತುಹೋಗುತ್ತವೆ. ಆಗ ಬೇಸನ್ನು ಮತ್ತೆ ಗೋಡೆಗೆ ಸಿಕ್ಕಿಸಬೇಕು ಅನ್ನುವುದು ಮನೆಯವರಿಗೆಲ್ಲ ತಿಳಿದಿರಲಿ.

ಮಹಡಿಯ ಹಳೆಯ ಫೋನನ್ನು ಎಸೆಯಬೇಡಿ. ವೈರಿನ ಫೋನಿಗೆ ಬೇಕಾದ ಕರೆಂಟು ಲೈನಿನಿಂದಲೇ ಬರುತ್ತದೆ. ಮನೆಯಲ್ಲಿ ಕರೆಂಟು ಹೋದಾಗ ಕಾರ್ಡ್‌ಲೆಸ್ ಬೇಸ್ ಸುಮ್ಮನಾಗುತ್ತದೆ, ಫ್ಯಾಕ್ಸ್ ಕೂಡ. ಆಗ ಕೈಹಿಡಿಯುವುದು ಆ ಹಳೆಯ ಫೋನೇ. ಅದು ಪ್ಯಾರಲಲ್ ಆಗಿಯೇ ಇರಲಿ. ಅದಕ್ಕೊಂದು ಕಾವಲು ಹಾಕೋಣ. ಟೆಲಿಫೋನ್ ಸಾಮಾನಿನ ಅಂಗಡಿಗಳಲ್ಲಿ 'ಪ್ರೈವೆಸಿ' ಸಾಧನ ಅಂತ ಒಂದು ಚಿಕ್ಕ ಡಬ್ಬಿ ಸಿಗುತ್ತದೆ. ಗೋಡೆಯ ಸಾಕೆಟ್‌ಗೂ ಫೋನಿಗೂ ನಡುವೆ ಅದನ್ನು ಸಿಕ್ಕಿಸಬೇಕು. ಅದು ಲೈನಿನ ವೋಲ್ಟೇಜನ್ನು ಗಮನಿಸುತ್ತಿರುತ್ತದೆ. 48 ವೋಲ್ಟ್ ಇದ್ದರೆ ಫೋನಿಗೆ ದಾರಿ ಬಿಡುತ್ತದೆ. ಆಗಲೇ 10ರ ಹತ್ತಿರ ಇಳಿದಿದ್ದರೆ ಬೇರೆ ಯಾರೋ ಲೈನಿನಲ್ಲಿದ್ದಾರೆ ಅಂತ ತಿಳಿದು ಫೋನನ್ನು ತಡೆಯುತ್ತದೆ. ಇದರಿಂದ ಒಂದು ಅನುಕೂಲ ಹೋಗುತ್ತದೆ. ಹಾಲ್‌ನಲ್ಲಿ ಮಾತಾಡುತ್ತಿರುವವರ ಜೊತೆ ಮಹಡಿಯಿಂದ ಸೇರಿಕೊಳ್ಳಲು ಆಗುವುದಿಲ್ಲ. ಯಂತ್ರ ಎತ್ತಿದ ಕರೆಯನ್ನು ಮಹಡಿಯಿಂದ ತೆಗೆದುಕೊಳ್ಳಲೂ ಆಗುವುದಿಲ್ಲ. ಕಾಗದ ಹಾಳಾಗುವುದೇ ನಿಮ್ಮ ಮುಖ್ಯ ಕಷ್ಟವಾದರೆ ಇದು ಒಪ್ಪಬಹುದಾದ ಬೆಲೆ ಅಂತ ನನ್ನ ಅಭಿಪ್ರಾಯ.

ಈಗ 'ಪೀಂ, ಪೀಂ' ವಿಷಯಕ್ಕೆ ಬರೋಣ. ನೀವು ಕೇಳುತ್ತಿರುವುದು ಕರೆ ಮಾಡಿದ ಫ್ಯಾಕ್ಸ್ ಯಂತ್ರದ ಕೂಗು. ಅದು 1,100 ಹರ್ಟ್ಸ್‌ನ ಸದ್ದು. ಅರ್ಧ ಸೆಕೆಂಡ್ ಕೂಗಿ ಮೂರು ಸೆಕೆಂಡ್ ಸುಮ್ಮನಿರುತ್ತದೆ, ಮತ್ತೆ ಕೂಗುತ್ತದೆ. 'ನಾನು ಫ್ಯಾಕ್ಸ್, ಅಲ್ಲಿ ಯಾರಾದರೂ ಫ್ಯಾಕ್ಸ್ ಇದ್ದೀರಾ?' ಅಂತ ಕೇಳುವುದು ಅದರ ಅರ್ಥ. ಈ ಕಡೆಯ ಯಂತ್ರ 2,100 ಹರ್ಟ್ಸ್‌ನ ಉದ್ದನೆಯ ಕೀರಲು ದನಿಯಲ್ಲಿ 'ಇದ್ದೇನೆ' ಅಂದಮೇಲೆ ಇಬ್ಬರ ಮಾತುಕತೆ ಶುರು. ನೀವು ಕೆಳಗೆ ಓಡುತ್ತಿರುವಷ್ಟು ಹೊತ್ತೂ ಆ ಕಡೆಯ ಯಂತ್ರ ಉತ್ತರಕ್ಕೆ ಕಾಯುತ್ತಿರುತ್ತದೆ. ಬರದಿದ್ದರೆ ಕಟ್ ಮಾಡುತ್ತದೆ.

ಓಡುವ ಅಗತ್ಯವೇ ಇಲ್ಲ. ಎರಡು ದಾರಿಗಳಿವೆ.

ಮೊದಲನೆಯದು ಏನೂ ಮಾಡದಿರುವುದು. ಹೆಚ್ಚಿನ ಯಂತ್ರಗಳಲ್ಲಿ ಫ್ಯಾಕ್ಸ್ ಗುರುತಿಸುವ ಸೆಟ್ಟಿಂಗ್ ಇರುತ್ತದೆ. ಬ್ರದರ್ ಯಂತ್ರಗಳಲ್ಲಿ ಅದನ್ನು 'ಫ್ಯಾಕ್ಸ್ ಡಿಟೆಕ್ಟ್' ಅಥವಾ 'ಈಜಿ ರಿಸೀವ್' ಅಂತ ಕರೆಯುತ್ತಾರೆ. ಇದು ಆನ್ ಇದ್ದರೆ, ನೀವು ಯಾವುದೋ ಫೋನ್ ಎತ್ತಿದಾಗಲೂ ಯಂತ್ರ ಲೈನಿಗೆ ಕಿವಿಗೊಟ್ಟು ಕೇಳುತ್ತಿರುತ್ತದೆ. 'ಪೀಂ' ಕೇಳಿದರೆ ನೀವು ಮಾತಾಡದೆ, ಫೋನ್ ಇಡದೆ ಏಳೆಂಟು ಸೆಕೆಂಡ್ ಹಾಗೇ ಹಿಡಿದುಕೊಳ್ಳಿ. ಯಂತ್ರ ತಾನೇ ಲೈನ್ ಹಿಡಿಯುತ್ತದೆ. ಅದರ ಕೀರಲು ದನಿ ಕೇಳಿದ ಮೇಲೆ ನೀವು ಇಡಬಹುದು. ಜನ ಮಾಡುವ ತಪ್ಪು ಇಲ್ಲೇ. ಆ ಶಬ್ದ ಕೇಳಿದ ಕೂಡಲೇ 'ಹಲೋ, ಹಲೋ' ಅಂತ ಕೂಗುತ್ತಾರೆ, ಇಲ್ಲವೇ ಬೇಸತ್ತು ಇಟ್ಟುಬಿಡುತ್ತಾರೆ. ನೀವು ಕೂಗಿದರೆ ಯಂತ್ರಕ್ಕೆ ಆ ಸದ್ದು ಸರಿಯಾಗಿ ಕೇಳಿಸುವುದಿಲ್ಲ.

ಎರಡನೆಯದು ಕೋಡ್. ಫೋನಿನ ಗುಂಡಿಗಳಿಂದಲೇ ಯಂತ್ರಕ್ಕೆ 'ನೀನು ತೆಗೆದುಕೋ' ಅಂತ ಹೇಳುವ ಎರಡು ಮೂರು ಅಂಕಿಗಳು ಇವು. ಬ್ರದರ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಸ್ಟಾರ್ 5 1, ಕ್ಯಾನನ್‌ನಲ್ಲಿ 2 5, ಎಚ್‌ಪಿಯಲ್ಲಿ 1 2 3, ಸ್ಯಾಮ್‌ಸಂಗ್‌ನಲ್ಲಿ ಸ್ಟಾರ್ 9 ಸ್ಟಾರ್. ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗಬಹುದು, ಕೊನೆಯ ಮಾತು ನಿಮ್ಮ ಕೈಪಿಡಿಯದ್ದು. ಮೊದಲು ಮೆನುವಿನಲ್ಲಿ ರಿಮೋಟ್ ಕೋಡ್ ಆನ್ ಇದೆಯಾ ನೋಡಿ. ಬಹಳ ಯಂತ್ರಗಳು ಅದನ್ನು ಆಫ್ ಮಾಡಿಕೊಂಡೇ ಬರುತ್ತವೆ. ಮಹಡಿಯಲ್ಲಿ ಫೋನ್ ಎತ್ತಿದಿರಿ, 'ಪೀಂ' ಕೇಳಿತು, ಕೋಡ್ ಒತ್ತಿದಿರಿ. ಯಂತ್ರದ ಉತ್ತರದ ದನಿ ಬರುವವರೆಗೆ ಕಾದು ಇಡಿ. ಅವಸರಪಟ್ಟು ಮೊದಲೇ ಇಟ್ಟರೆ ಲೈನ್ ಯಾರ ಕೈಗೂ ಸಿಗದೆ ಕಟ್ ಆಗುತ್ತದೆ.

ನಿಮ್ಮ ಹಳೆಯ ಫೋನಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕೋಡ್ ಕೆಲಸ ಮಾಡುವುದು ಟೋನ್ ಫೋನುಗಳಿಂದ ಮಾತ್ರ. ಗುಂಡಿ ಒತ್ತಿದಾಗ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಉದಾಹರಣೆಗೆ ಸ್ಟಾರ್ ಗುಂಡಿ 941 ಮತ್ತು 1,209 ಹರ್ಟ್ಸ್ ಕಳಿಸುತ್ತದೆ. ಯಂತ್ರ ಆ ಜೋಡಿಯನ್ನು ಗುರುತಿಸುತ್ತದೆ. ಬೆರಳಿಟ್ಟು ತಿರುಗಿಸುವ ಫೋನು ಸ್ವರ ಕಳಿಸುವುದಿಲ್ಲ, ಲೈನನ್ನು ಟಕಟಕ ಅಂತ ಕತ್ತರಿಸಿ ಎಣಿಸುತ್ತದೆ, ಅದರಲ್ಲಿ ಸ್ಟಾರ್ ಕೂಡ ಇಲ್ಲ. ಕೆಲವು ಗುಂಡಿಯ ಫೋನುಗಳ ಅಡಿಯಲ್ಲಿ ಪಲ್ಸ್, ಟೋನ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಟೋನ್ ಕಡೆ ಇರಲಿ. ನನಗೆ ಒಂದು ಮನೆಯ ನೆನಪಿದೆ. ಮೂರು ದಿನ ಯಂತ್ರದ ಮೆನುವಿನಲ್ಲೇ ಹುಡುಕಾಡಿದ್ದರು. ಕೊನೆಗೆ ನೋಡಿದರೆ ಆ ಸ್ವಿಚ್ ಪಲ್ಸ್ ಕಡೆ ಜರುಗಿತ್ತು, ಅಷ್ಟೇ. ಫೋನ್ ಒರೆಸುವಾಗ ಬೆರಳು ತಾಗಿರಬೇಕು. ಅಂದಿನಿಂದ ನಾನು ಮೊದಲು ಫೋನನ್ನು ತಿರುಗಿಸಿ ಅಡಿಭಾಗ ನೋಡುತ್ತೇನೆ.

ನಿಮ್ಮ ಮೂರನೇ ತೊಂದರೆ: ಎರಡು ರಿಂಗ್ ಆಗಿ ಎಲ್ಲ ಫೋನೂ ಸುಮ್ಮನಾಗುವುದು. ನಿಮ್ಮ ಯಂತ್ರ ಬಹುಶಃ 'ಫ್ಯಾಕ್ಸ್/ಟೆಲ್' ಅನ್ನುವ ಮೋಡ್‌ನಲ್ಲಿದೆ. ಎರಡು ರಿಂಗ್ ಆದ ಮೇಲೆ ಯಂತ್ರ ಲೈನ್ ಎತ್ತುತ್ತದೆ. ಎಕ್ಸ್‌ಚೇಂಜ್ ಲೆಕ್ಕದಲ್ಲಿ ಅಲ್ಲಿಗೆ ಕರೆಗೆ ಉತ್ತರ ಸಿಕ್ಕಿತು. ಅದು ರಿಂಗ್ ಕಳಿಸುವುದನ್ನು ನಿಲ್ಲಿಸುತ್ತದೆ, ಕರೆ ಮಾಡಿದವರಿಗೆ ಚಾರ್ಜ್ ಶುರುವಾಗುತ್ತದೆ. ಯಂತ್ರ 'ಪೀಂ' ಇದೆಯಾ ಅಂತ ಕೇಳುತ್ತದೆ. ಇಲ್ಲದಿದ್ದರೆ ಯಾರೋ ಮನುಷ್ಯರು ಅಂತ ತಿಳಿದು ತನ್ನದೇ ಸ್ಪೀಕರಿನಿಂದ ಬೇರೆ ಥರದ ರಿಂಗ್ ಹೊಡೆಯುತ್ತದೆ. ಆ ರಿಂಗ್ ಮಹಡಿಗೆ ಕೇಳುವುದಿಲ್ಲ. ಬಹಳ ಯಂತ್ರಗಳಲ್ಲಿ ಬೇರೆ ಫೋನುಗಳಿಗೂ ಹೋಗುವುದಿಲ್ಲ. ಕರೆದವರು ಕಾದು ಕಾದು ಇಡುತ್ತಾರೆ, ಅವರಿಗೆ ಬೇಜಾರಾಗುವುದು ಸಹಜ.

ಈ ಮೋಡ್ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ಚೆನ್ನ. ಮಹಡಿ ಇರುವ ಮನೆಗೆ ನಾನು ಹೇಳುವುದಿಲ್ಲ. ಅದನ್ನೇ ಇಟ್ಟುಕೊಳ್ಳುವುದಾದರೆ ಯಂತ್ರ ಎತ್ತುವ ರಿಂಗ್ ಸಂಖ್ಯೆಯನ್ನು ಎರಡರಿಂದ ನಾಲ್ಕಕ್ಕೆ ಏರಿಸಿ. ಮನೆಯವರಿಗೆ ಮೊದಲು ಎತ್ತಲು ಸಮಯ ಸಿಗುತ್ತದೆ. ಹಾಗೆಯೇ, ಯಂತ್ರ ಎತ್ತಿದ ಕರೆಯನ್ನು ಬೇರೆ ಫೋನಿನಿಂದ ತೆಗೆದುಕೊಳ್ಳಲೂ ಒಂದು ಕೋಡ್ ಇರುತ್ತದೆ. ಬ್ರದರ್‌ನಲ್ಲಿ ಅದು ಹ್ಯಾಶ್ 5 1.

ನಿಮ್ಮ ಬಳಿ ಆನ್ಸರಿಂಗ್ ಮಷೀನ್ ಇದೆ ಅಂದಿರಿ. ಇದು ನಿಮ್ಮ ಅದೃಷ್ಟ. ಅದನ್ನು ಸರಿಯಾಗಿ ಕೂರಿಸಿದರೆ ಮಾತು ಮತ್ತು ಫ್ಯಾಕ್ಸ್ ಬೇರೆ ಮಾಡುವ ಕೆಲಸ ತಾನಾಗಿ ನಡೆಯುತ್ತದೆ. ಅದೂ ಯಂತ್ರದ ಮೂಲಕವೇ ಹೋಗಬೇಕು. ಗೋಡೆಯ ಸಾಕೆಟ್, ಅಲ್ಲಿಂದ ಫ್ಯಾಕ್ಸ್‌ನ ಲೈನ್ ತೂತು, ಫ್ಯಾಕ್ಸ್‌ನ ಎಕ್ಸ್‌ಟ್ ತೂತಿನಿಂದ ಆನ್ಸರಿಂಗ್ ಮಷೀನ್, ಅದರ ಫೋನ್ ತೂತಿನಿಂದ ಕಾರ್ಡ್‌ಲೆಸ್ ಬೇಸ್. ಈ ಸರಪಳಿ ತಪ್ಪಬಾರದು. ಕೈಪಿಡಿ ಎಕ್ಸ್‌ಟ್ ತೂತಿಗೆ ಒಂದೇ ಸಾಧನ ಅಂದಿದ್ದು, ನಿಮ್ಮ ಕಾರ್ಡ್‌ಲೆಸ್ ಬೇಸಿನಲ್ಲೇ ಆನ್ಸರಿಂಗ್ ಸೌಲಭ್ಯ ಇದ್ದರೆ ಬೇರೆ ಮಷೀನ್ ಬಿಟ್ಟುಬಿಡಿ. ಆನ್ಸರಿಂಗ್ ಮಷೀನನ್ನು ಹಾಲ್‌ನಲ್ಲಿ ಬೇರೆ ಸಾಕೆಟ್‌ಗೆ ಹಾಕಿದರೆ ಅದಕ್ಕೂ ಫ್ಯಾಕ್ಸ್‌ಗೂ ಲೈನಿಗಾಗಿ ಜಗಳ ಶುರುವಾಗುತ್ತದೆ.

ಆಮೇಲೆ ಫ್ಯಾಕ್ಸ್ ಯಂತ್ರದ ಮೋಡನ್ನು ಆನ್ಸರಿಂಗ್ ಮಷೀನಿನ ಮೋಡ್‌ಗೆ ಬದಲಿಸಿ. ಮೆನುವಿನಲ್ಲಿ 'ಎಕ್ಸ್‌ಟರ್ನಲ್ ಟಿಎಡಿ' ಅಥವಾ 'ಆನ್ಸ್' ಅಂತ ಏನಾದರೂ ಇರುತ್ತದೆ. ಈ ಮೋಡ್‌ನಲ್ಲಿ ಪ್ರತಿ ಕರೆಯನ್ನೂ ಆನ್ಸರಿಂಗ್ ಮಷೀನ್ ಎತ್ತುತ್ತದೆ. ಫ್ಯಾಕ್ಸ್ ಪಕ್ಕದಲ್ಲಿ ಕೂತು ಕೇಳುತ್ತದೆ. 'ಪೀಂ' ಬಂದರೆ ಆನ್ಸರಿಂಗ್ ಮಷೀನನ್ನು ಬಿಡಿಸಿ ತಾನು ಹಿಡಿಯುತ್ತದೆ. ಬರದಿದ್ದರೆ ಕರೆದವರು ಮೆಸೇಜ್ ಹೇಳಿ ಇಡುತ್ತಾರೆ. ಆನ್ಸರಿಂಗ್ ಮಷೀನ್ ಎತ್ತುವ ರಿಂಗ್ ನಾಲ್ಕನ್ನು ಮೀರದಿರಲಿ. 'ಟೋಲ್ ಸೇವರ್' ಅನ್ನುವ ಸೌಲಭ್ಯ ಆಫ್ ಇರಲಿ, ಅದು ರಿಂಗ್ ಸಂಖ್ಯೆಯನ್ನು ತಾನೇ ಹೆಚ್ಚು ಕಡಿಮೆ ಮಾಡುತ್ತದೆ.

ನಿಮ್ಮ ದನಿಯ ಮೆಸೇಜ್ ರೆಕಾರ್ಡ್ ಮಾಡುವುದರಲ್ಲಿ ಒಂದು ಕಿವಿಮಾತು. ರೆಕಾರ್ಡ್ ಬಟನ್ ಒತ್ತಿದ ಮೇಲೆ ಐದು ಸೆಕೆಂಡ್ ಸುಮ್ಮನಿರಿ, ಆಮೇಲೆ ಮಾತಾಡಿ. ಆ ಕಡೆಯ ಯಂತ್ರ ಅರ್ಧ ಸೆಕೆಂಡ್ ಕೂಗಿ ಮೂರು ಸೆಕೆಂಡ್ ಸುಮ್ಮನಿರುತ್ತದೆ ಅಂದೆನಲ್ಲ, ಐದು ಸೆಕೆಂಡ್ ಮೌನ ಇದ್ದರೆ ಒಂದು ಕೂಗಾದರೂ ನಿಮ್ಮ ಯಂತ್ರದ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಮೊದಲ ಕ್ಷಣದಿಂದಲೇ ಜೋರಾಗಿ ಮಾತಾಡಿದರೆ, ಹಿನ್ನೆಲೆಯಲ್ಲಿ ಸಂಗೀತ ಹಾಕಿದರೆ ಆ ಕೂಗು ಮುಚ್ಚಿಹೋಗುತ್ತದೆ. ಇಡೀ ಮೆಸೇಜ್ 20 ಸೆಕೆಂಡ್ ಒಳಗೆ ಮುಗಿಯಲಿ. ಕೊನೆಯಲ್ಲಿ 'ಕೈಯಿಂದ ಫ್ಯಾಕ್ಸ್ ಕಳಿಸುವವರು ಈ ಕೋಡ್ ಒತ್ತಿ ಸ್ಟಾರ್ಟ್ ಒತ್ತಿ' ಅಂತ ರಿಮೋಟ್ ಕೋಡನ್ನೂ ಹೇಳಿ. ಕಾರಣ ಇದೆ. ಕೆಲವರು ರಿಸೀವರ್ ಎತ್ತಿ ನಂಬರ್ ಹಾಕಿ, ನಿಮ್ಮ ಯಂತ್ರದ ದನಿ ಕೇಳಿದ ಮೇಲೆ ಸ್ಟಾರ್ಟ್ ಒತ್ತೋಣ ಅಂತ ಕಾಯುತ್ತಾರೆ. ಅಂಥ ಕರೆಗಳಲ್ಲಿ ಎಷ್ಟೋ ಸಲ 'ಪೀಂ' ಬರುವುದೇ ಇಲ್ಲ. ಅವರು ನಿಮ್ಮ ದನಿ ಕೇಳಿ ಗಲಿಬಿಲಿಯಾಗಿ ಇಟ್ಟುಬಿಡುತ್ತಾರೆ.

ಟೆಲಿಫೋನ್ ಕಂಪನಿಯವರು ಕೊಡುವ ವಾಯ್ಸ್‌ಮೇಲ್ ಮಾತ್ರ ಫ್ಯಾಕ್ಸ್ ಜೊತೆ ಹೊಂದುವುದಿಲ್ಲ. ಅದು ಕರೆಯನ್ನು ಕಂಪನಿಯ ಕಡೆಯಲ್ಲೇ ಹಿಡಿಯುತ್ತದೆ. ನಿಮ್ಮ ಮನೆಗೆ ಶಬ್ದವೇ ಬರುವುದಿಲ್ಲ, ಯಂತ್ರ ಕೇಳುವುದಾದರೂ ಏನನ್ನು? ಅದಿದ್ದರೆ ತೆಗೆಸಿ. ಕರೆ ಮಧ್ಯೆ 'ಟುಕ್' ಅನ್ನುವ ಕಾಲ್ ವೇಟಿಂಗ್ ಕೂಡ ಫ್ಯಾಕ್ಸನ್ನು ಕೆಡಿಸಬಲ್ಲದು. ಕಂಪನಿಗಳು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಕೋಡ್ ಕೊಟ್ಟಿದ್ದರೆ ದೊಡ್ಡ ಫ್ಯಾಕ್ಸ್ ಕಳಿಸುವ ಮುಂಚೆ ಅದನ್ನು ಬಳಸಿ.

ಫೋನಿನಲ್ಲಿ ಮಾತಾಡುತ್ತಾ ಮಾತಾಡುತ್ತಾ 'ಆ ಕಾಗದ ಈಗಲೇ ಕಳಿಸ್ತೀನಿ' ಅನ್ನುವ ಸಂದರ್ಭ ಬರುತ್ತದೆ. ಯಂತ್ರದ ಮೂಲಕ ಹೋದ ಫೋನಿನಲ್ಲಿ ಇದು ಬಹಳ ಸಲೀಸು. ಕಾಗದವನ್ನು ಫೀಡರ್‌ನಲ್ಲಿಡಿ. ಆ ಕಡೆಯವರಿಗೆ ಅವರ ಸ್ಟಾರ್ಟ್ ಒತ್ತಲು ಹೇಳಿ. ಕೀರಲು ದನಿ ಕೇಳಿದ ಕೂಡಲೇ ನೀವು ಸ್ಟಾರ್ಟ್ ಒತ್ತಿ, ಫೋನ್ ಇಡಿ. ನೀವು ತೆಗೆದುಕೊಳ್ಳುವವರಾದರೆ ಫೀಡರ್ ಖಾಲಿ ಇರಬೇಕು. ಅಲ್ಲಿ ಮರೆತ ಒಂದು ಹಾಳೆ ಇದ್ದರೆ ಯಂತ್ರ ನೀವು ಕಳಿಸಲು ಹೊರಟಿದ್ದೀರಿ ಅಂತ ತಿಳಿಯುತ್ತದೆ. ಆಗ ಎರಡೂ ಕಡೆ ಕಳಿಸುವವರೇ ಆಗಿ ಯಾರಿಗೂ ಏನೂ ಸಿಗುವುದಿಲ್ಲ.

ಇನ್ನು ವೈರು, ಲೋಡು ಇತ್ಯಾದಿ. ಫೋನಿಗೆ ಬೇಕಾದದ್ದು ಎರಡೇ ವೈರು, ಪಿನ್ನಿನ ನಡುವಿನ ಎರಡು. ನಾಲ್ಕು ವೈರಿನ ಕೇಬಲ್ ಕಂಡರೆ ಗಾಬರಿ ಬೇಡ, ಉಳಿದೆರಡು ಸಾಮಾನ್ಯವಾಗಿ ಸುಮ್ನೆ ಇರುತ್ತವೆ. ಒಂದು ಲೈನು ಎಷ್ಟು ಫೋನಿಗೆ ರಿಂಗ್ ಕೊಡಬಲ್ಲದು ಅನ್ನುವುದಕ್ಕೂ ಮಿತಿ ಇದೆ. ಫೋನಿನ ಅಡಿಯ ಚೀಟಿಯಲ್ಲಿ 'ಆರ್‌ಇಎನ್' ಅಂತ ಒಂದು ಅಂಕಿ ಇರುತ್ತದೆ. ಗಂಟೆ ಬಾರಿಸುವ ಹಳೆಯ ಫೋನಿಗೆ ಅದು 1ರ ಆಸುಪಾಸು, ಹೊಸ ಫೋನುಗಳಿಗೆ ಇನ್ನೂ ಕಡಿಮೆ. ಮನೆಯ ಎಲ್ಲ ಸಾಧನಗಳ ಅಂಕಿ ಕೂಡಿಸಿದರೆ 4 ಅಥವಾ 5 ದಾಟದಿರಲಿ. ಫ್ಯಾಕ್ಸ್ ಯಂತ್ರವನ್ನೂ ಎಣಿಸಿ. ದಾಟಿದರೆ ಕೆಲವು ಫೋನು ರಿಂಗ್ ಆಗುವುದಿಲ್ಲ, ಇಲ್ಲವೇ ಫ್ಯಾಕ್ಸ್ ರಿಂಗನ್ನು ಸರಿಯಾಗಿ ಎಣಿಸದೆ ಎತ್ತುವುದನ್ನೇ ಬಿಡುತ್ತದೆ. ನಿಮ್ಮ ಮನೆಯಲ್ಲಿರುವಷ್ಟು ಸಾಧನಗಳಿಗೆ ಈ ಚಿಂತೆ ಬರಲಾರದು.

ಇದೇ ಲೈನಿನಲ್ಲಿ ಡಿಎಸ್‌ಎಲ್ ಇಂಟರ್‌ನೆಟ್ ಬರುತ್ತಿದೆಯಾ? ನೀವು ಬರೆದಿಲ್ಲ. ಬರುತ್ತಿದ್ದರೆ ಫಿಲ್ಟರ್, ಅಂದರೆ ಇಂಟರ್‌ನೆಟ್‌ನ ಸಂಕೇತ ಫೋನಿಗೆ ಹೋಗದಂತೆ ತಡೆಯುವ ಚಿಕ್ಕ ಡಬ್ಬಿ, ಬೇಕೇ ಬೇಕು. ಗೋಡೆಯ ಸಾಕೆಟ್, ಫಿಲ್ಟರ್, ಆಮೇಲೆ ಫ್ಯಾಕ್ಸ್. ಎಕ್ಸ್‌ಟ್ ತೂತಿನ ಕಡೆ ಇರುವುದಕ್ಕೆಲ್ಲ ಆ ಒಂದೇ ಫಿಲ್ಟರ್ ಸಾಕು. ಮಹಡಿಯ ಪ್ಯಾರಲಲ್ ಫೋನಿಗೆ ಬೇರೆ ಒಂದು ಹಾಕಿ. ಮೋಡೆಮ್‌ಗೆ ಮಾತ್ರ ಹಾಕಬಾರದು.

ಲೈನು ಹಳೆಯ ತಾಮ್ರದ್ದಲ್ಲದೆ ಇಂಟರ್‌ನೆಟ್ ಮೂಲಕ ಬರುವ ಫೋನ್ ಸೇವೆಯಾದರೆ ಸರಪಳಿ ಅದೇ. ಅಡಾಪ್ಟರ್ ಡಬ್ಬಿಯ ಫೋನ್ ತೂತು, ಅಲ್ಲಿಂದ ಫ್ಯಾಕ್ಸ್, ಫ್ಯಾಕ್ಸ್‌ನಿಂದ ಫೋನು. ಆದರೆ ಇಂಥ ಸೇವೆಗಳು ಮನುಷ್ಯರ ದನಿಗೆ ತಕ್ಕಂತೆ ಶಬ್ದವನ್ನು ಒತ್ತಿ ಕುಗ್ಗಿಸಿದರೆ ಫ್ಯಾಕ್ಸ್ ಸ್ವರಗಳು ಕೆಡುತ್ತವೆ. ಕಂಪನಿಯವರನ್ನು 'ಟಿ.38 ಇದೆಯಾ?' ಅಂತ ಕೇಳಿ, ಅದು ಇಂಟರ್‌ನೆಟ್ ಮೇಲೆ ಫ್ಯಾಕ್ಸ್ ಸಾಗಿಸಲೆಂದೇ ಇರುವ ವಿಧಾನ. ಇಲ್ಲ ಅಂದರೆ 'ಜಿ.711' ಇದೆಯಾ ಕೇಳಿ, ಅದು ಶಬ್ದವನ್ನು ಅಷ್ಟು ಹಿಂಡುವುದಿಲ್ಲ. ಜೊತೆಗೆ ಯಂತ್ರದ ವೇಗವನ್ನು 9,600ಕ್ಕೆ ಇಳಿಸಿ. ಒಂದು ಎಚ್ಚರಿಕೆ: ಅಡಾಪ್ಟರಿನಿಂದ ಮನೆಯ ಹಳೆಯ ವೈರಿಂಗ್‌ಗೆ ಲೈನ್ ಕೊಡುವುದಾದರೆ, ಮೊದಲು ಹೊರಗಿನ ತಾಮ್ರದ ಲೈನನ್ನು ಪೂರ್ತಿ ಬಿಡಿಸಿರಬೇಕು. ಎರಡೂ ಕಡೆಯ ವಿದ್ಯುತ್ ಒಂದಕ್ಕೊಂದು ಸೇರಿದರೆ ಅಡಾಪ್ಟರ್ ಸುಟ್ಟುಹೋಗಬಹುದು.

ಕೆಲಸಕ್ಕೆ ಕೈಹಾಕುವ ಮುಂಚೆ ಗೋಡೆಯಿಂದ ಪಿನ್ ಕಿತ್ತುಬಿಡಿ. ರಿಂಗ್ ಬರುವಾಗ ಲೈನಿನಲ್ಲಿ 90 ವೋಲ್ಟ್‌ವರೆಗೂ ಇರಬಹುದು, ಬರಿಗೈಗೆ ತಾಗಿದರೆ ಚೆನ್ನಾಗಿಯೇ ಜುಮ್ಮೆನ್ನಿಸುತ್ತದೆ. ಗುಡುಗು ಸಿಡಿಲು ಇರುವಾಗ ಟೆಲಿಫೋನ್ ವೈರನ್ನು ಮುಟ್ಟಲೇಬೇಡಿ.

ಮೊದಲು ಎಲ್ಲವನ್ನೂ ಬಿಚ್ಚಿ, ಬರೀ ಫ್ಯಾಕ್ಸ್ ಯಂತ್ರವನ್ನು ಗೋಡೆಗೆ ಸಿಕ್ಕಿಸಿ. ಡಯಲ್ ಟೋನ್ ಸ್ವಚ್ಛವಾಗಿದೆಯಾ ಕೇಳಿ. ಆಮೇಲೆ ಆನ್ಸರಿಂಗ್ ಮಷೀನ್, ಆಮೇಲೆ ಕಾರ್ಡ್‌ಲೆಸ್ ಬೇಸ್, ಕೊನೆಗೆ ಪ್ರೈವೆಸಿ ಡಬ್ಬಿಯ ಸಮೇತ ಮಹಡಿಯ ಫೋನು. ಒಂದೊಂದು ಸೇರಿಸಿದಾಗಲೂ ಒಂದು ಕರೆ ಮಾಡಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸಿ ತೊಂದರೆ ಬಂದರೆ ಯಾವುದರಿಂದ ಬಂತು ಅಂತ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ರಿಮೋಟ್ ಕೋಡನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಪ್ರತಿ ಫೋನಿಗೂ ಅಂಟಿಸಿ. ಕೆಳಗೆ 'ಕೀರಲು ದನಿ ಬಂದ ಮೇಲೆ ಇಡಿ' ಅಂತಲೂ ಬರೆಯಿರಿ. ಫ್ಯಾಕ್ಸ್ ಬಂದಾಗ ಮನೆಯಲ್ಲಿರುವುದು ನೀವೇ ಆಗಿರಬೇಕಿಲ್ಲ ಅಲ್ವಾ?

ಎಲ್ಲ ಮುಗಿದ ಮೇಲೆ ಪರಿಚಯದವರೊಬ್ಬರಿಗೆ ಹೇಳಿ ಮೂರು ಸಲ ಫ್ಯಾಕ್ಸ್ ಕಳಿಸಲು ಕೇಳಿಕೊಳ್ಳಿ. ಮೊದಲ ಸಲ ಯಾರೂ ಫೋನ್ ಎತ್ತಬೇಡಿ, ಆನ್ಸರಿಂಗ್ ಮಷೀನ್ ಮತ್ತು ಫ್ಯಾಕ್ಸ್ ತಾವೇ ಹಂಚಿಕೊಳ್ಳುತ್ತವಾ ನೋಡಿ. ಎರಡನೇ ಸಲ ಮಹಡಿಯ ಹ್ಯಾಂಡ್‌ಸೆಟ್ ಎತ್ತಿ ಕೋಡ್ ಒತ್ತಿ. ಮೂರನೇ ಸಲ ಮೂರು ನಾಲ್ಕು ಪುಟ ಕಳಿಸಲಿ. ಮಧ್ಯದಲ್ಲಿ ಬೇಕೆಂದೇ ಮಹಡಿಯ ಹಳೆಯ ಫೋನ್ ಎತ್ತಿ, ಕಾರ್ಡ್‌ಲೆಸ್ ಕೂಡ ಎತ್ತಿ. ಎರಡರಲ್ಲೂ ಏನೂ ಕೇಳಬಾರದು, ಕೆಳಗೆ ಕಾಗದ ಬರುತ್ತಲೇ ಇರಬೇಕು. ನಿಂತರೆ ಮೊದಲು ಆ ಎರಡು ತೂತುಗಳನ್ನು ನೋಡಿ. ಲೈನ್ ಮತ್ತು ಎಕ್ಸ್‌ಟ್ ವೈರುಗಳು ಅದಲುಬದಲಾಗಿರುವುದೇ ಹೆಚ್ಚು.